‘ಡಾಕ್ಟರ್ ಹೂ’ ಮೈಮೇಲೆ ದೇವರು ಬಂತಾ?

ಮೆಟ್ರೋದಲ್ಲಿ ನಿಂತ್ಕೊಂಡು, ಅಡುಗೆಮನೇಲಿ ಪಾತ್ರೆ ತೊಳೀತಾ, ನಿದ್ದೆ ಬರ್ದೆ ಹಾಸಿಗೇಲಿ ಹೊರಳಾಡ್ತಾ ಕೇಳ್ತಿರೋ ಎಲ್ಲರಿಗೂ ಸ್ವಾಗತ.

ಇವತ್ತು ಒಂದು ಜಗಳದ ಬಗ್ಗೆ ಮಾತಾಡೋಣ. 2023ರ ಕೊನೆಯಿಂದ ‘ಡಾಕ್ಟರ್ ಹೂ’ ಅಭಿಮಾನಿಗಳು ಎರಡು ಬಣ ಆಗಿ ಕಿತ್ತಾಡ್ತಿದ್ದಾರೆ. ಒಂದು ಬಣ ಹೇಳೋದು, “ನಮ್ಮ ಸೈ-ಫೈ ಸೀರೀಸ್‌ನ ತಗೊಂಡೋಗಿ ಮಾಯ-ಮಂತ್ರದ ಕಥೆ ಮಾಡಿಟ್ರು.” ಇನ್ನೊಂದು ಬಣ ಕೇಳೋದು, “ಅದು ಯಾವಾಗ ಸೈ-ಫೈ ಆಗಿತ್ತು, ಸ್ವಲ್ಪ ಹೇಳಿ ನೋಡೋಣ?” ಇಬ್ಬರ ಮಾತಲ್ಲೂ ನಿಜ ಇದೆ. ಆದ್ರೆ ಇಬ್ಬರೂ ಗೆರೆ ಎಳೀತಿರೋ ಜಾಗ ಸರಿ ಇಲ್ಲ ಅನ್ನೋದು ನನ್ನ ವಾದ. ಆ ಗೆರೆ ಎಲ್ಲಿರ್ಬೇಕು ಅಂತ ಹುಡುಕೋದೇ ಇವತ್ತಿನ ಕೆಲಸ.

ಮೊದಲೇ ಹೇಳ್ಬಿಡ್ತೀನಿ, 2023ರಿಂದ 2025ರವರೆಗಿನ ಎಪಿಸೋಡುಗಳ ಗುಟ್ಟೆಲ್ಲ ಇಲ್ಲಿ ರಟ್ಟಾಗುತ್ತೆ. ಮುಂದೆ ನೋಡ್ಬೇಕು ಅಂತ ಇಟ್ಕೊಂಡಿರೋರು ಇಲ್ಲೇ ನಿಲ್ಲಿಸಿ, ನೋಡ್ಕೊಂಡು ಬನ್ನಿ. ಬೇಜಾರಿಲ್ಲ.

ಸರಿ. ಗೊತ್ತಿಲ್ದೆ ಇರೋರಿಗೆ ಒಂದು ನಿಮಿಷದ ಪರಿಚಯ. ಡಾಕ್ಟರ್ ಅನ್ನೋನು ಬೇರೆ ಗ್ರಹದವನು. ಹೊರಗಡೆಯಿಂದ ನೀಲಿ ಪೊಲೀಸ್ ಬಾಕ್ಸ್ ತರ ಕಾಣೋ, ಒಳಗೆ ಹೋದ್ರೆ ಅರಮನೆಯಷ್ಟು ದೊಡ್ಡದಿರೋ ಟಾರ್ಡಿಸ್ ಅನ್ನೋ ಯಂತ್ರದಲ್ಲಿ ಕಾಲ, ಆಕಾಶ ಎಲ್ಲ ಸುತ್ತುತಾನೆ. ಸಾಯೋ ಹಂತಕ್ಕೆ ಬಂದ್ರೆ ಮೈ ಬದಲಾಗಿ ಹೊಸ ಮುಖ ಬರುತ್ತೆ. ಅಂದ್ರೆ ನಟ ಬದಲಾಗ್ಬಹುದು, ಪಾತ್ರ ಮುಂದುವರಿಯುತ್ತೆ. ಬಿಬಿಸಿಯಲ್ಲಿ ಮೊದಲ ಎಪಿಸೋಡ್ ಬಂದಿದ್ದು 1963ರ ನವೆಂಬರ್ 23ಕ್ಕೆ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ ಆಗ 27 ವರ್ಷ. ಮೊದಲ ಕಥೆ ನಿರ್ದೇಶಿಸಿದ ವಾರಿಸ್ ಹುಸೇನ್‌ಗೆ 24. ಅವರು ಹುಟ್ಟಿದ್ದು ನಮ್ಮ ಲಖನೌನಲ್ಲಿ. ನಮ್ಮ ವಯಸ್ಸಿನವರು ಶುರು ಮಾಡಿದ ಸೀರೀಸ್ ಇದು, ಅಷ್ಟು ನೆನಪಿರ್ಲಿ.

ಮಕ್ಕಳಿಗೆ ಒಂದಿಷ್ಟು ಕಲಿಸ್ಬೇಕು ಅನ್ನೋ ಉದ್ದೇಶನೂ ಆವಾಗ ಇತ್ತು. ಅದಕ್ಕೇ ಡಾಕ್ಟರ್ ಜೊತೆ ಮೊದಲು ಹೊರಟವರಲ್ಲಿ ಇಬ್ಬರು ಮೇಷ್ಟ್ರುಗಳು. ಇಯಾನ್ ವಿಜ್ಞಾನ ಹೇಳ್ಕೊಡೋನು, ಬಾರ್ಬರಾ ಇತಿಹಾಸ ಹೇಳ್ಕೊಡೋಳು. 1989ರಲ್ಲಿ ಸೀರೀಸ್ ನಿಂತ್ಹೋಯ್ತು. 2005ರಲ್ಲಿ ರಸಲ್ ಟಿ. ಡೇವಿಸ್ ಮತ್ತೆ ಎಬ್ಬಿಸಿದ್ರು, ಆಮೇಲೆ ಬಿಟ್ಟು ಹೋದ್ರು. 2023ರಲ್ಲಿ, 60ನೇ ವರ್ಷದ ಹಬ್ಬಕ್ಕೆ, ಅವರೇ ವಾಪಸ್ ಬಂದ್ರು. ಜಗಳ ಶುರುವಾಗೋದು ಇಲ್ಲಿಂದ.

ಶುರುವಾಗೋದು ಒಂದು ಹಿಡಿ ಉಪ್ಪಿಂದ.

‘ವೈಲ್ಡ್ ಬ್ಲೂ ಯಾಂಡರ್’ ಅಂತ ಎಪಿಸೋಡು. ಡಾಕ್ಟರ್ ಮತ್ತು ಡೊನ್ನಾ ವಿಶ್ವದ ಕಟ್ಟಕಡೆಯ ಅಂಚಲ್ಲಿ, ಒಂದು ಖಾಲಿ ಹಡಗಲ್ಲಿ ಸಿಕ್ಕಾಕೊಂಡಿದ್ದಾರೆ. ಅವರದ್ದೇ ರೂಪ ತಗೊಂಡ ಎರಡು ಜೀವಿಗಳು ಹಿಂದೆ ಬಿದ್ದಿವೆ. ಡಾಕ್ಟರ್ ನೆಲದ ಮೇಲೆ ಉಪ್ಪಿನ ಗೆರೆ ಎಳೀತಾನೆ. ಒಂದೊಂದು ಹರಳನ್ನೂ ಎಣಿಸದೆ ಗೆರೆ ದಾಟೋ ಹಾಗಿಲ್ಲ ಅಂತ ಅವುಕ್ಕೆ ನಂಬಿಸೋಕೆ ನೋಡ್ತಾನೆ. ಹಳೇ ಮೂಢನಂಬಿಕೆ ಅದು. ನಮ್ಮಲ್ಲಿ ಮಗು ಹಟ ಮಾಡಿದ್ರೆ ಅಜ್ಜಿ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕ್ತಾರಲ್ಲ, ಅದರ ಯುರೋಪಿನ ತಂಗಿ ಅಂದ್ಕೊಳ್ಳಿ.

ಆಮೇಲೆ ಡಾಕ್ಟರ್‌ಗೇ ಭಯ ಆಗುತ್ತೆ. ವಿಶ್ವದ ಗೋಡೆ ತೆಳ್ಳಗಿರೋ ಜಾಗದಲ್ಲಿ ಮೂಢನಂಬಿಕೆನ ಕರೆದ್ಬಿಟ್ನಲ್ಲ ಅಂತ. ಅವನ ಭಯ ಸುಳ್ಳಾಗಲ್ಲ. ಆ ಬಾಗಿಲಿಂದ ಬಂದೋರ ಪಟ್ಟಿ ನೋಡಿ. ಆಟಗಳ ಒಡೆಯ ಟಾಯ್‌ಮೇಕರ್. ಸಂಗೀತ ನುಂಗೋ ಮಾಯೆಸ್ಟ್ರೋ. ಸಾವಿನ ದೇವರು ಸೂಟೆಕ್. ಬೆಳಕಿನ ದೇವರು ಲಕ್ಸ್. ಕೋರಿಕೆಗಳ ದೇವರು, ಅದೂ ತೊಟ್ಟಿಲ ಕೂಸು. ಮಧ್ಯದಲ್ಲಿ 2023ರ ಕ್ರಿಸ್ಮಸ್‌ಗೆ ಆಕಾಶದಲ್ಲಿ ಹಡಗು ಓಡಿಸ್ಕೊಂಡು ಬಂದು, ಹಾಡು ಹೇಳ್ಕೊಂಡು ಮಕ್ಕಳನ್ನ ತಿನ್ನೋ ಗಾಬ್ಲಿನ್‌ಗಳು ಬೇರೆ. ಡೇವಿಸ್ ಏನೂ ಮುಚ್ಚಿಟ್ಟಿಲ್ಲ. ಫ್ಯಾಂಟಸಿ ಕಡೆಗೆ ಬೇಕಂತಲೇ ಹೋಗ್ತಿದೀನಿ ಅಂತ ಸಂದರ್ಶನಗಳಲ್ಲೇ ಹೇಳಿದ್ರು.

ಮೊದಲ ಬಣದ ಸಿಟ್ಟು ಅರ್ಥ ಆಗುತ್ತೆ. ಡಾಕ್ಟರ್ ಬಂದೂಕು ಇಟ್ಕೊಂಡಿರೋ ಹೀರೋ ಅಲ್ಲ. ಅವನ ಆಯುಧ ತಲೆ. ಊರಿಗೆ ಊರೇ ದೆವ್ವ ಅಂತ ನಡುಗ್ತಿದ್ರೆ, ಅವನು ಬಗ್ಗಿ ನೋಡಿ ಇದು ದೆವ್ವ ಅಲ್ಲ ಅಂತಾನೆ. 1971ರ ‘ದಿ ಡೀಮನ್ಸ್’ ಕಥೆನೇ ತಗೊಳ್ಳಿ. ಕೊಂಬಿರೋ, ಥೇಟ್ ಸೈತಾನನ ತರ ಕಾಣೋ ಅಝಲ್ ಅನ್ನೋನು ಬರ್ತಾನೆ. ಡಾಕ್ಟರ್ ಮಾತ್ರ ಕೊನೇವರೆಗೂ ಹಟ ಬಿಡಲ್ಲ. ಇದು ಮಾಟ ಅಲ್ಲ, ವಿಜ್ಞಾನ, ಇವನು ಬೇರೆ ಗ್ರಹದಿಂದ ಬಂದ ಜೀವಿ ಅಂತಾನೆ. ಕಥೆನೂ ಅವನ ಮಾತೇ ಸರಿ ಅನ್ನುತ್ತೆ.

ಎರಡನೇ ಬಣದ ಉತ್ತರನೂ ಗಟ್ಟಿ ಇದೆ. ಇದೇ ಟಾಯ್‌ಮೇಕರ್ 1966ರಲ್ಲೇ ಬಂದಿದ್ದ, ಅವತ್ತೂ ಯಾರೂ ವಿಜ್ಞಾನದ ಕಾರಣ ಕೊಡಲಿಲ್ಲ. 1968ರ ‘ದಿ ಮೈಂಡ್ ರಾಬರ್’ನಲ್ಲಿ ಡಾಕ್ಟರ್ ಕಥೆಗಳ ಲೋಕಕ್ಕೇ ಹೋಗಿ ಬೀಳ್ತಾನೆ. 1968ರಲ್ಲೇ ಕೈಗೆ ಬಂದ ಸೋನಿಕ್ ಸ್ಕ್ರೂಡ್ರೈವರ್ ಆಮೇಲಾಮೇಲೆ ಬೀಗ ತೆಗಿಯೋದ್ರಿಂದ ಹಿಡ್ದು ರೋಗ ಪತ್ತೆ ಹಚ್ಚೋವರೆಗೂ ಎಲ್ಲ ಮಾಡುತ್ತೆ. ಅದನ್ನ ಮಂತ್ರದಂಡ ಅನ್ನದೆ ಇನ್ನೇನನ್ನೋದು? ಇನ್ನು ಉಪ್ಪು! 1977ರ ‘ಇಮೇಜ್ ಆಫ್ ದಿ ಫೆಂಡಾಲ್’ನಲ್ಲೂ ರಾಕ್ಷಸ ಜೀವಿ ಸಾಯೋದು ಉಪ್ಪಿಂದಲೇ. ಅಲ್ಲಿ ಉಪ್ಪು ಅದರ ದೇಹದ ವಿದ್ಯುತ್ ಸಮತೋಲನ ಕೆಡಿಸುತ್ತೆ ಅಂತ ಡಾಕ್ಟರ್ ಒಂದು ವಿವರಣೆ ಕೊಡ್ತಾನೆ. ಆ ವಿವರಣೆನ ಯಾವ ಫಿಸಿಕ್ಸ್ ಲೆಕ್ಚರರ್ ಮುಂದೆ ಇಟ್ರೂ ನಗ್ತಾರೆ. “ಸುಳ್ಳು ವಿಜ್ಞಾನ ಆದ್ರೆ ಸರಿ, ನೇರವಾಗಿ ಮಾಟ ಅಂದ್ರೆ ತಪ್ಪಾ?” ಅಂತ ಇವರು ಕೇಳೋದ್ರಲ್ಲಿ ನ್ಯಾಯ ಇದೆ. ಮುಂದುವರಿದ ತಂತ್ರಜ್ಞಾನಕ್ಕೂ ಮಾಯಕ್ಕೂ ನೋಡೋರ ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ ಅನ್ನೋ ಅರ್ಥದ ಮಾತನ್ನ ಆರ್ಥರ್ ಸಿ. ಕ್ಲಾರ್ಕ್ ಹೇಳಿದ್ದೂ ಇವರ ಕಿಸೇಲಿ ರೆಡಿ ಇರುತ್ತೆ.

ಹಾಗಾದ್ರೆ ಜಗಳ ಮುಗೀತಾ? ಇಲ್ಲ. ಯಾಕಂದ್ರೆ ಪ್ರೇಕ್ಷಕರಿಗೆ ನಿಜವಾಗ್ಲೂ ಚುಚ್ತಿರೋದು ಮಾಟ ಅಲ್ಲ, ಲೆಕ್ಕ ತಾಳೆ ಆಗ್ದೆ ಇರೋದು.

ನಾನು ಓದಿದ್ದು ಬಿ.ಕಾಂ., ಅದಕ್ಕೆ ಸ್ವಲ್ಪ ನಮ್ಮ ಭಾಷೇಲಿ ಹೇಳ್ತೀನಿ, ಕಾಮರ್ಸ್‌ನವರು ನಗ್ಬೇಡಿ. ಟ್ರಯಲ್ ಬ್ಯಾಲೆನ್ಸ್ ಮಾಡ್ತೀರಾ, ಡೆಬಿಟ್ ಒಂದು, ಕ್ರೆಡಿಟ್ ಒಂದು, ತಾಳೆ ಆಗ್ತಿಲ್ಲ. ಆಗ ವ್ಯತ್ಯಾಸದ ಮೊತ್ತನ ತಾತ್ಕಾಲಿಕವಾಗಿ ಒಂದು ಅಕೌಂಟಿಗೆ ಹಾಕ್ತೀವಿ. ಅದರ ಹೆಸರು ಸಸ್ಪೆನ್ಸ್ ಅಕೌಂಟ್. ಹೌದು, ಹೆಸರೇ ಸಸ್ಪೆನ್ಸ್! ಆಮೇಲೆ ಕೂತು ತಪ್ಪು ಎಲ್ಲಿದೆ ಅಂತ ಹುಡುಕಿ, ಎಂಟ್ರಿ ಸರಿ ಮಾಡಿ, ಅದನ್ನ ಸೊನ್ನೆಗೆ ತರ್ಬೇಕು. ವರ್ಷದ ಕೊನೇಲೂ ಅಲ್ಲಿ ದೊಡ್ಡ ಮೊತ್ತ ಹಾಗೇ ಕೂತಿದ್ರೆ ಆಡಿಟರ್ ಹುಬ್ಬು ಮೇಲೇರುತ್ತೆ.

ಕಥೆಯಲ್ಲಿ ಬರೋ ಪ್ರತಿ ನಿಗೂಢನೂ ಸಸ್ಪೆನ್ಸ್ ಅಕೌಂಟಿಗೆ ಹಾಕಿದ ಮೊತ್ತ. ಅದನ್ನ ವಿಜ್ಞಾನದಿಂದ ತೀರಿಸಿದ್ರೂ ಸರಿ, ಮಾಟದಿಂದ ತೀರಿಸಿದ್ರೂ ಸರಿ, ತೀರಿಸ್ಬೇಕು. ನನ್ನ ಪ್ರಕಾರ ಗೆರೆ ಎಳೀಬೇಕಾದ್ದು ಇಲ್ಲಿ. ಸೈ-ಫೈ ಫ್ಯಾಂಟಸಿ ಮಧ್ಯೆ ಅಲ್ಲ.

ಇದನ್ನ ಪರೀಕ್ಷೆ ಮಾಡೋಕೆ ಒಳ್ಳೇ ಅವಕಾಶನ ಆ ಸೀರೀಸೇ ಕೊಟ್ಟಿದೆ. ಒಬ್ಬನೇ ವಿಲನ್, ಎರಡು ಸಲ, ಮಧ್ಯೆ ಸುಮಾರು 50 ವರ್ಷ. ಸೂಟೆಕ್.

1975ರ ‘ಪಿರಮಿಡ್ಸ್ ಆಫ್ ಮಾರ್ಸ್’. ಟಾಮ್ ಬೇಕರ್ ಡಾಕ್ಟರ್. ಇಲ್ಲಿ ಸೂಟೆಕ್ ಒಬ್ಬ ಅನ್ಯಗ್ರಹವಾಸಿ. ಓಸಿರನ್ ಅನ್ನೋ ಮಹಾಶಕ್ತಿಶಾಲಿ ಕುಲದವನು, ಹಳೇ ಈಜಿಪ್ಟಿನ ಜನ ಅವನನ್ನ ದೇವರು ಅಂದ್ಕೊಂಡಿದ್ರು ಅಷ್ಟೇ. ಮಂಗಳ ಗ್ರಹದಿಂದ ಬರೋ ಒಂದು ಸಿಗ್ನಲ್ ಅವನನ್ನ ಈಜಿಪ್ಟಿನ ಗೋರಿಯಲ್ಲಿ ಕಟ್ಟಿ ಹಾಕಿರುತ್ತೆ. ಕೊನೇಲಿ ಮಂಗಳದಲ್ಲಿರೋ ಆ ಯಂತ್ರ ಒಡೆದು ಹೋಗುತ್ತೆ, ಸೂಟೆಕ್ ಬಿಡುಗಡೆ ಆಗ್ಬೇಕು. ಆದ್ರೆ ಡಾಕ್ಟರ್ ಒಂದು ಲೆಕ್ಕ ಹಾಕ್ತಾನೆ. ಮಂಗಳದಲ್ಲಿ ಸಿಗ್ನಲ್ ನಿಂತ್ರೂ ಅದಾಗ್ಲೇ ಹೊರಟಿರೋ ಸಿಗ್ನಲ್ ಭೂಮಿಗೆ ಬಂದು ಮುಗಿಯೋಕೆ ಕೆಲವು ನಿಮಿಷ ಬೇಕು. ಅಲ್ಲೀವರೆಗೂ ಸೂಟೆಕ್ ಅಲ್ಲಾಡೋ ಹಾಗಿಲ್ಲ. ಆ ಕೆಲವೇ ನಿಮಿಷದಲ್ಲಿ ಡಾಕ್ಟರ್ ಬಲೆ ಹೆಣೀತಾನೆ. ಸೂಟೆಕ್ ಹೊರಗೆ ಬರೋ ದಾರಿಯನ್ನೇ ಸಾವಿರಾರು ವರ್ಷ ಉದ್ದ ಮಾಡಿಬಿಡ್ತಾನೆ. ಸೂಟೆಕ್ ದಾರೀಲೇ ಮುದುಕ ಆಗಿ ಮುಗಿದು ಹೋಗ್ತಾನೆ.

ಇಲ್ಲಿ ಸುಳ್ಳು ವಿಜ್ಞಾನ ಬೇಕಾದಷ್ಟಿದೆ. ಆದ್ರೆ ನಡುವೆ ಒಂದು ನಿಜ ಕೂತಿದೆ. ರೇಡಿಯೋ ಸಿಗ್ನಲ್ ಹೋಗೋದು ಬೆಳಕಿನ ವೇಗದಲ್ಲಿ, ಮಂಗಳದಿಂದ ಭೂಮಿಗೆ ಬರೋಕೆ ದೂರ ನೋಡ್ಕೊಂಡು ಸುಮಾರು 3ರಿಂದ 22 ನಿಮಿಷ ಬೇಕೇ ಬೇಕು. ನಮ್ಮ ಮಂಗಳಯಾನಕ್ಕೆ ಬ್ಯಾಲಾಳದಿಂದ ಕಳಿಸ್ತಿದ್ದ ಆದೇಶಗಳಿಗೂ ಇದೇ ಕಾಯೋ ಕಥೆ. ದೇವರಂಥವನನ್ನ ಸೋಲಿಸಿದ್ದು ಯಾರು ಬೇಕಾದ್ರೂ ಕಲೀಬಹುದಾದ ಒಂದು ಸಂಗತಿ. ನೋಡ್ತಿರೋ ಹುಡುಗನಿಗೆ “ಅರೆ, ಇದು ನನಗೂ ಹೊಳೀಬಹುದಿತ್ತು” ಅನ್ಸುತ್ತೆ.

ಈಗ 2024ರ ಜೂನ್, ‘ಎಂಪೈರ್ ಆಫ್ ಡೆತ್’. ಅದೇ ಸೂಟೆಕ್, ಆದ್ರೆ ಈಗ ನಿಜವಾದ ಸಾವಿನ ದೇವರು, ಉಳಿದ ದೇವರುಗಳಿಗೆಲ್ಲ ಮೂಲ. ವಿಶ್ವದ ಎಲ್ಲ ಜೀವಿಗಳನ್ನೂ ಬೂದಿ ಮಾಡ್ತಾನೆ. ಕೊನೇಲಿ ಡಾಕ್ಟರ್ ಅವನಿಗೆ ಹಗ್ಗ ಬಿಗಿದು, ಟಾರ್ಡಿಸ್ ಹಿಂದೆ ಕಟ್ಕೊಂಡು, ಕಾಲದ ಸುಳಿಯೊಳಗೆ ಎಳ್ಕೊಂಡು ಹೋಗ್ತಾನೆ. ಸಾವಿಗೇ ಸಾವು ತಂದ್ರೆ ಏನು ಬರುತ್ತೆ? ಜೀವ. ಆದ್ದರಿಂದ ಎಲ್ರೂ ಬದುಕಿ ಬರ್ತಾರೆ. ಮಾತು ಕೇಳೋಕೆ ಚೆನ್ನಾಗಿದೆ. ಆದ್ರೆ ಇದು ನಿಯಮ ಅಂತ ನಮಗೆ ಮೊದಲು ಯಾರೂ ಹೇಳಿರ್ಲಿಲ್ಲ. ಕೊನೇ ಹತ್ತು ನಿಮಿಷದಲ್ಲಿ ನಿಯಮ ಹುಟ್ತು, ಅಲ್ಲೇ ಗೆಲ್ತು. ರೂಬಿ ಹುಟ್ಟಿದ ರಾತ್ರಿಯ ಹಿಮ ಅವಳ ಸುತ್ತ ಆಗಾಗ ಯಾಕೆ ಬೀಳ್ತಿತ್ತು ಅನ್ನೋದಕ್ಕೆ ಇಡೀ ಸೀಸನ್ ಕಾದ್ವಿ, ಕೊನೆಗೆ ಸಿಕ್ಕ ಉತ್ತರದಿಂದ ಹೊಟ್ಟೆ ತುಂಬಲಿಲ್ಲ. ಸಸ್ಪೆನ್ಸ್ ಅಕೌಂಟಲ್ಲಿ ಬ್ಯಾಲೆನ್ಸ್ ಹಾಗೇ ಇತ್ತು, ಪುಸ್ತಕ ಮುಚ್ಚಿದ್ರು.

“ನೋಡಿದ್ರಾ, ಫ್ಯಾಂಟಸಿ ಬಂದಿದ್ದಕ್ಕೇ ಹೀಗಾಯ್ತು” ಅಂತ ಮೊದಲ ಬಣದವರು ಎದ್ದು ನಿಲ್ಬೇಡಿ, ಕೂತ್ಕೊಳ್ಳಿ. ಅದೇ ಸೀಸನ್ನಲ್ಲಿ ‘ದಿ ಡೆವಿಲ್ಸ್ ಕಾರ್ಡ್’ ಇದೆ. 1963, ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋ, ಬೀಟಲ್ಸ್. ಮಾಯೆಸ್ಟ್ರೋ ಪ್ರಪಂಚದ ಸಂಗೀತ ಎಲ್ಲ ಕದ್ದಿದಾರೆ. ಅವರನ್ನ ಓಡಿಸೋ ಸ್ವರಗಳ ಒಂದು ಸರಿಯಾದ ಜೋಡಣೆ ಇದೆ ಅಂತ ಕಥೆ ಮೊದಲೇ ಹೇಳುತ್ತೆ. ಡಾಕ್ಟರ್ ಹುಡುಕ್ತಾನೆ, ಕೊನೇ ಸ್ವರದಲ್ಲಿ ಎಡವ್ತಾನೆ. ಆ ಸ್ವರ ಮುಟ್ಟಿಸೋದು ಲೆನನ್ ಮತ್ತು ಮೆಕಾರ್ಟ್ನಿ. ಪಕ್ಕಾ ಮಾಟದ ಕಥೆ, ಆದ್ರೆ ನಿಯಮ ಮೊದಲೇ ಟೇಬಲ್ ಮೇಲಿತ್ತು.

ಅದಕ್ಕಿಂತ ದೊಡ್ಡ ಉದಾಹರಣೆ ‘73 ಯಾರ್ಡ್ಸ್’. ವೇಲ್ಸ್‌ನ ಸಮುದ್ರದ ದಂಡೆ. ಡಾಕ್ಟರ್ ಯಾವುದೋ ದಾರದ ವೃತ್ತ ತುಳಿದು ಮಾಯ ಆಗ್ತಾನೆ. ಅಲ್ಲಿಂದ ರೂಬಿ ಎಲ್ಲಿಗೆ ಹೋದ್ರೂ ಒಬ್ಬ ಹೆಂಗಸು ಸರಿಯಾಗಿ 73 ಗಜ, ಅಂದ್ರೆ ಸುಮಾರು 67 ಮೀಟರ್ ದೂರದಲ್ಲಿ ನಿಂತಿರ್ತಾಳೆ. ಅವಳ ಹತ್ರ ಮಾತಾಡಿದೋರೆಲ್ಲ ರೂಬಿನ ನೋಡಿ ಹೆದರಿ ಓಡ್ತಾರೆ. ಸಾಕಿದ ಅಮ್ಮನೂ ಬಿಟ್ಟು ಹೋಗ್ತಾಳೆ. ಆ ಹೆಂಗಸು ಏನು ಹೇಳ್ತಾಳೆ? ಕೊನೇವರೆಗೂ ಗೊತ್ತಾಗಲ್ಲ. ವಿಜ್ಞಾನ ಸೊನ್ನೆ, ವಿವರಣೆನೂ ಹೆಚ್ಚು ಕಡಿಮೆ ಸೊನ್ನೆ. ಆದ್ರೂ ಆ ಎಪಿಸೋಡು ನೋಡಿದೋರು ರಾತ್ರಿ ಕಿಟಕಿ ಪರದೆ ಸರಿಸಿ ರಸ್ತೆ ಕಡೆ ಒಂದ್ಸಲ ನೋಡಿರ್ತಾರೆ.

ಅದು ಯಾಕೆ ಕೆಲಸ ಮಾಡ್ತು? 73 ಗಜದ ನಿಯಮ ಒಂದ್ಸಲನೂ ತಪ್ಪಲ್ಲ. ರೂಬಿ ಆ ನಿಯಮನ ತಾನೇ ಅಳೆದು ನೋಡ್ತಾಳೆ, ಅದನ್ನೇ ಆಯುಧ ಮಾಡ್ಕೊಂಡು ಅಣುಬಾಂಬ್ ಹುಚ್ಚಿನ ಒಬ್ಬ ರಾಜಕಾರಣಿನ ಓಡಿಸ್ತಾಳೆ. ಅದಕ್ಕೆ ಬೆಲೆನೂ ಕಟ್ತಾಳೆ, ಒಂದು ಇಡೀ ಒಂಟಿ ಜೀವನದ ಬೆಲೆ. ಕಾರಣ ಗೊತ್ತಾಗದಿದ್ರೂ ಲೆಕ್ಕ ಸರಿ ಇದೆ.

ಇನ್ನೊಂದು ಕಡೆ, ಸ್ಟೀವನ್ ಮೊಫಟ್ ಬರೆದ ‘ಬೂಮ್’ ಅದೇ ಸೀಸನ್ನಿನ ಅಪ್ಪಟ ಸೈ-ಫೈ. ಡಾಕ್ಟರ್ ನೆಲಬಾಂಬ್ ಮೇಲೆ ಕಾಲಿಟ್ಟು ಹೆಚ್ಚು ಕಡಿಮೆ ಇಡೀ ಎಪಿಸೋಡ್ ಅಲ್ಲೇ ನಿಂತಿರ್ತಾನೆ. ಎದುರಾಳಿ ಸೈನ್ಯನೇ ಇಲ್ಲ, ಆಯುಧ ಮಾರೋ ಕಂಪನಿಯ ಅಲ್ಗಾರಿದಮ್ಮು ಲೆಕ್ಕ ಹಾಕಿ ಜನರನ್ನ ಕೊಲ್ತಿದೆ. ಅದನ್ನ ನಿಲ್ಲಿಸೋದು ಏನು ಗೊತ್ತಾ? ಸತ್ತ ಅಪ್ಪನ ಡಿಜಿಟಲ್ ನೆರಳು, ಮಗಳ ಮೇಲಿನ ಪ್ರೀತಿ. 1971ರ ಅಝಲ್ ಕಥೆನೂ ಮುಗಿಯೋದು ಹೀಗೇ, ಡಾಕ್ಟರ್‌ಗೋಸ್ಕರ ಜೋ ಪ್ರಾಣ ಕೊಡೋಕೆ ನಿಂತಾಗ ಅವನ ತರ್ಕಕ್ಕೆ ಅದು ಅರ್ಥ ಆಗಲ್ಲ, ತಾನೇ ಸಿಡಿದು ಹೋಗ್ತಾನೆ. ಅಂದ್ರೆ ಸೈ-ಫೈ ಅಂತ ಕರೆಸ್ಕೊಳ್ಳೋ ಕಥೆಗಳೂ ಕೊನೆಗೆ ಮನಸ್ಸಿನ ಬಾಗಿಲನ್ನೇ ತಟ್ಟೋದು.

ಹಾಗಾದ್ರೆ ಮೊದಲ ಬಣದವರು ಕಳ್ಕೊಂಡಿದ್ದು ಏನೂ ಇಲ್ವಾ? ಇದೆ. ಇವತ್ತು ನಾನು ಹೇಳ್ಲೇಬೇಕು ಅಂದ್ಕೊಂಡಿದ್ದು ಇದೇ.

1975ರ ಸೂಟೆಕ್ ದೇವರು ಅಂತ ಜನ ನಂಬಿದ ಒಬ್ಬ ಜೀವಿ. 2024ರ ಸೂಟೆಕ್ ದೇವರು. ಮಧ್ಯದಿಂದ ‘ಅಂತ ಜನ ನಂಬಿದ’ ಅನ್ನೋ ಮೂರು ಪದ ಬಿದ್ದು ಹೋಗಿವೆ. ಆ ಮೂರು ಪದದಲ್ಲೇ ಡಾಕ್ಟರ್‌ನ ಇಡೀ ಸ್ವಭಾವ ಇತ್ತು. ಕಿರೀಟ ಹಾಕ್ಕೊಂಡು ಬಂದೋರ ಮುಂದೆ ಎಲ್ರೂ ಮಂಡಿ ಊರಿದಾಗ ಅವನೊಬ್ಬ ನಿಂತೇ ಇರ್ತಿದ್ದ. “ನೀನು ಯಾರು? ಇದು ಹೇಗೆ ಮಾಡ್ತೀಯ?” ಅಂತ ಕೇಳ್ತಿದ್ದ. ಎದುರಿಗಿರೋನು ನಿಜವಾಗ್ಲೂ ದೇವರೇ ಆಗ್ಬಿಟ್ರೆ, ಆ ಪ್ರಶ್ನೆಗೆ ಎಲ್ಲಿ ಜಾಗ?

ಇದು ಬರೀ ಟೀವಿ ಮಾತಲ್ಲ. ಫಾರ್ವರ್ಡ್ ಬಂದಿದ್ದೆಲ್ಲ ನಿಜ, ಎಐ ಮಾಡಿದ ವೀಡಿಯೋನೂ ನಿಜ, ಯಾರೋ ಗಟ್ಟಿಯಾಗಿ ಹೇಳಿದ್ರೆ ಅದೂ ನಿಜ ಅನ್ನೋ ಕಾಲದಲ್ಲಿ ನಾವಿದೀವಿ. “ಒಂದ್ನಿಮಿಷ, ಇದು ಹೇಗೆ?” ಅಂತ ಕೇಳೋ ಒಬ್ಬ ಹೀರೋ ನಮಗೆ 1963ಕ್ಕಿಂತ ಈಗಲೇ ಜಾಸ್ತಿ ಬೇಕು.

ತಮಾಷೆ ಏನಂದ್ರೆ, ಇದು ಡೇವಿಸ್‌ಗೂ ಗೊತ್ತು. 2025ರ ಸೀಸನ್ನಿನಲ್ಲಿ ಕಾನ್ರಾಡ್ ಅಂತ ಒಬ್ಬ ಬರ್ತಾನೆ. ಏಲಿಯನ್‌ಗಳೆಲ್ಲ ಸರ್ಕಾರದ ನಾಟಕ ಅಂತ ಜನರನ್ನ ನಂಬಿಸೋನು. ಅವನ ಕಸುಬು ಏನು ಗೊತ್ತಾ? ಪಾಡ್‌ಕಾಸ್ಟ್. ಹೌದು, ನಮ್ಮೋನೇ! ನಾನು ಸುಮ್ನೆ ನೀರು ಕುಡ್ಕೊಂಡು ಮುಂದೆ ನೋಡ್ದೆ.

ಆ ಸೀಸನ್ನಿನ ಕೊನೇಲಿ ‘ವಿಶ್ ವರ್ಲ್ಡ್’ ಬರುತ್ತೆ. ಕೋರಿಕೆಗಳ ದೇವರಾದ ಆ ಕೂಸಿನ ಶಕ್ತಿಯಿಂದ ಕಾನ್ರಾಡ್‌ಗೆ ಬೇಕಾದ ಪ್ರಪಂಚ ತಯಾರಾಗಿರುತ್ತೆ. ಗಂಡಸರು ಆಫೀಸಿಗೆ, ಹೆಂಗಸರು ಮನೇಲಿ, ಅವನ ಕಲ್ಪನೆಗೆ ಹೊಂದದೆ ಇರೋರು ಕಣ್ಣಿಗೇ ಕಾಣಲ್ಲ. ಡಾಕ್ಟರ್‌ಗೆ ತಾನು ಯಾರು ಅಂತಾನೇ ಮರೆತು ಹೋಗಿದೆ, ಇನ್ಶೂರೆನ್ಸ್ ಆಫೀಸಲ್ಲಿ ಕೆಲಸ. ಅವನ ಹೆಂಡತಿಯಾಗಿ ಮನೇಲಿ ಕೂತಿರೋ ಬೆಲಿಂಡಾ ಚಂದ್ರಾ ನಿಜದಲ್ಲಿ ನರ್ಸು. ಆ ಪಾತ್ರ ಮಾಡಿರೋದು ಕೇರಳ ಮೂಲದ ವರದಾ ಸೇತು. ಆ ಲೋಕದಲ್ಲಿ ಅನುಮಾನ ಪಡೋದೇ ಅಪರಾಧ. ಯಾರಿಗಾದ್ರೂ “ಇದು ಸರಿ ಇಲ್ವಲ್ಲ” ಅನ್ನಿಸಿದ ತಕ್ಷಣ ಟೇಬಲ್ ಮೇಲಿಟ್ಟ ಕಾಫಿ ಮಗ್ಗು ಟೇಬಲ್ಲನ್ನೇ ತೂರ್ಕೊಂಡು ಕೆಳಗೆ ಬಿದ್ದು ಒಡೆಯುತ್ತೆ.

ಈ ಎಪಿಸೋಡು ನನ್ನ ಪ್ರಕಾರ ಇಡೀ ಜಗಳಕ್ಕೆ ಉತ್ತರ. ಇದಕ್ಕಿಂತ ಪಕ್ಕಾ ಫ್ಯಾಂಟಸಿ ಇಲ್ಲ, ಕೂಸು ಕೈ ಎತ್ತಿದ್ರೆ ಲೋಕ ಬದಲು. ಆದ್ರೆ ಇದಕ್ಕಿಂತ ಪಕ್ಕಾ ‘ಡಾಕ್ಟರ್ ಹೂ’ ಕೂಡ ಇಲ್ಲ, ಯಾಕಂದ್ರೆ ಆ ಮಾಯದ ಲೋಕನ ಬಿರುಕು ಬಿಡಿಸೋದು ಮನುಷ್ಯರ ಅನುಮಾನ. ಮುಂದಿನ ಎಪಿಸೋಡಲ್ಲಿ ಅದನ್ನ ನೆಟ್ಟಗೆ ಮುಗಿಸಲಿಲ್ಲ ಅನ್ನೋ ಬೇಜಾರು ನನಗೂ ಇದೆ. ಓಮೆಗಾ ಬಂದ, ಹೋದ, ಲೆಕ್ಕ ಮತ್ತೆ ಬಾಕಿ. ಆದ್ರೆ ದಾರಿ ಇದೆ ಅಂತ ಅಲ್ಲಿ ಕಾಣ್ತು. ದೇವರು ಬರ್ಲಿ, ಗಾಬ್ಲಿನ್ ಬರ್ಲಿ, ಎದುರಿಗೆ ಪ್ರಶ್ನೆ ಕೇಳೋನು ಒಬ್ಬ ನಿಂತಿರ್ಲಿ. ಅಷ್ಟಿದ್ರೆ ಸಾಕು.

ಸದ್ಯದ ಪರಿಸ್ಥಿತಿ ಏನು? 2025ರ ಮೇ 31ಕ್ಕೆ ಸೀಸನ್ ಮುಗೀತು. ಎನ್‌ಕೂಟಿ ಗಾಟ್ವಾ ಹೋದ್ರು, ಮುಖ ಬದಲಾದಾಗ ಕಂಡಿದ್ದು 2005ರ ರೋಸ್ ಪಾತ್ರದ ಬಿಲ್ಲಿ ಪೈಪರ್. ಡಿಸ್ನಿ ಪ್ಲಸ್ ಜೊತೆಗಿನ ಒಪ್ಪಂದ ಮುಂದುವರಿಯಲ್ಲ, 2026ರ ಕ್ರಿಸ್ಮಸ್‌ಗೆ ಡೇವಿಸ್ ಬರೆದ ವಿಶೇಷ ಎಪಿಸೋಡು ಬರುತ್ತೆ ಅಂತ ಬಿಬಿಸಿ ಅಕ್ಟೋಬರ್‌ನಲ್ಲಿ ಹೇಳ್ತು. ಮಾಟ ಬಂದಿದ್ದಕ್ಕೇ ದುಡ್ಡು ಹೋಯ್ತು ಅಂತ ಕೆಲವರು ಹೇಳ್ತಾರೆ. ಒಂದೇ ಕಾರಣ ಹಿಡಿದು ಒಂದು ಕಂಪನಿಯ ನಿರ್ಧಾರ ವಿವರಿಸೋರನ್ನ ನಂಬ್ಬೇಡಿ, ಅದೂ ಒಂಥರ ಮೂಢನಂಬಿಕೆನೇ.

ಕೊನೇದಾಗಿ ಎರಡೂ ಬಣಕ್ಕೆ ಒಂದೊಂದು ಮಾತು. ಸೈ-ಫೈ ಬಣದವರೇ, ‘73 ಯಾರ್ಡ್ಸ್’ ಇನ್ನೊಂದ್ಸಲ ನೋಡಿ, ರಾತ್ರಿ ಹೊತ್ತು, ಒಬ್ಬರೇ. ಫ್ಯಾಂಟಸಿ ಬಣದವರೇ, ‘ಪಿರಮಿಡ್ಸ್ ಆಫ್ ಮಾರ್ಸ್’ ನೋಡಿ, ಸೆಟ್ಟು ಹಳೇದು, ಮಮ್ಮಿಗಳು ಬ್ಯಾಂಡೇಜ್ ಸುತ್ತಿದ ಮನುಷ್ಯರ ತರ ಕಾಣ್ತವೆ, ಪರವಾಗಿಲ್ಲ. ನೋಡಿ ಆದ್ಮೇಲೆ ನನಗೊಂದು ವಾಯ್ಸ್ ನೋಟ್ ಕಳಿಸಿ. ಯಾವ ಕಥೆಯ ಲೆಕ್ಕ ತಾಳೆ ಆಯ್ತು, ಯಾವುದು ಸಸ್ಪೆನ್ಸ್ ಅಕೌಂಟಲ್ಲೇ ಉಳೀತು ಅಂತ ಹೇಳಿ. ಬೈಯೋದಿದ್ರೂ ಬೈರಿ, ಕಾರಣ ಕೊಟ್ಟು ಬೈರಿ.

ಮುಂದಿನ ವಾರ ಸಿಗೋಣ. ಅಲ್ಲೀವರೆಗೂ, ಯಾರು ಏನೇ ಹೇಳಿದ್ರೂ, ನಾನು ಹೇಳಿದ್ರೂ ಸೇರಿಸಿ, ಒಂದ್ಸಲ “ಹೇಗೆ?” ಅಂತ ಕೇಳಿ. ನಮಸ್ಕಾರ.